ಎರಡನೇ ನಂಬರ್ ಖಾಲಿ ಬಿಡಬೇಡಿ

ಒಮ್ಮೆ ವಿಧಾನ ಪರಿಷತ್ತಿನ ಈಶಾನ್ಯ ಪದವೀಧರ ಕ್ಷೇತ್ರದ ಎಣಿಕೆಗೆ ಏಜೆಂಟ್ ಆಗಿ ಕೂತಿದ್ದೆ. ಎಣಿಕೆ ನಮ್ಮ ಕಲಬುರಗಿಯಲ್ಲೇ. ಮುಂಜಾನೆ ಒಳಗೆ ಹೋದವರು, ರಾತ್ರಿ ಹನ್ನೆರಡು ದಾಟಿದರೂ ಹೊರಗೆ ಬಂದಿರಲಿಲ್ಲ. ಅಲ್ಲಿ ಮೆಷಿನ್ ಇಲ್ಲ, ಎಲ್ಲವೂ ಕಾಗದ. ಮತ ಹಾಕುವವರು ಪದವೀಧರರು, ಅಭ್ಯರ್ಥಿಗಳ ಹೆಸರಿನ ಮುಂದೆ ಇಷ್ಟದ ಕ್ರಮದಲ್ಲಿ 1, 2, 3 ಅಂತ ಬರೆಯುತ್ತಾರೆ. ಇಪ್ಪತ್ತೈದು ಮತಪತ್ರಕ್ಕೆ ಒಂದು ಕಟ್ಟು. ಮೊದಲ ಸುತ್ತಿನಲ್ಲಿ ಯಾರೂ ಗೆಲುವಿಗೆ ಬೇಕಾದ ಕೋಟಾ ಮುಟ್ಟಲಿಲ್ಲ. ಆಗ ಶುರುವಾಯಿತು ಎಲಿಮಿನೇಷನ್.

ಎಲ್ಲರಿಗಿಂತ ಕಡಿಮೆ ಮತ ಬಿದ್ದವರನ್ನು ಕಣದಿಂದ ತೆಗೆದು, ಅವರ ಕಟ್ಟು ಬಿಚ್ಚುತ್ತಾರೆ. ಒಂದೊಂದೇ ಮತಪತ್ರ ಎತ್ತಿ, ‘2’ ಯಾರ ಮುಂದೆ ಇದೆ ಅಂತ ನೋಡುತ್ತಾರೆ. ಅದು ಅವರ ಖಾತೆಗೆ ಹೋಗುತ್ತದೆ. ನನ್ನ ಕಣ್ಣ ಮುಂದೆ ಒಂದು ಕಟ್ಟು ಬಿಚ್ಚಿದರು. ಖಾಲಿ. ಮುಂದಿನದೂ ಖಾಲಿ. ಮತ್ತೊಂದು, ಅದೂ ಖಾಲಿ. ‘1’ ಮಾತ್ರ ದಪ್ಪಗೆ, ಚೆಂದಾಗಿ ಬರೆದಿದ್ದರು. ಅಷ್ಟೇ. ಸಿಬ್ಬಂದಿ ಅವನ್ನೆಲ್ಲ ಪಕ್ಕಕ್ಕೆ ಸರಿಸಿದರು. ಕೊನೆಯ ಇಬ್ಬರಲ್ಲಿ ಯಾರು ಅನ್ನುವ ಹೊತ್ತಿಗೆ, ಅಷ್ಟೂ ಪದವೀಧರರಿಗೆ ಮಾತೇ ಇರಲಿಲ್ಲ. ಇನ್ನು ಅಂಕಿ ಬದಲು ಟಿಕ್ ಹಾಕಿದವು ಬೇರೆ. ಅವು ಮೊದಲೇ ತಿರಸ್ಕೃತ. ಡಿಗ್ರಿ ಓದಿದವರ ಮತಗಳು ಇವು, ನೋಡಿ ಸಂಕಟವಾಯಿತು.

ನಮ್ಮ ಓಣಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ನಾನು ಕಾಕಾ ಅನ್ನುತ್ತೇನೆ. ಅವರನ್ನೇ ಕೇಳಿದೆ, ‘ಕಾಕಾ, ಎರಡನೇದು ಯಾರಿಗೆ ಹಾಕಿದ್ರಿ?’

‘ಯಾರಿಗೂ ಹಾಕಿಲ್ಲಪ್ಪಾ. ಎರಡನೇದು ಹಾಕಿದ್ರ ನಮ್ಮವರ ವೋಟು ಕಮ್ಮಿ ಆಗ್ತದಲ್ಲ?’

ಬಹಳ ಮಂದಿ ಹೀಗೇ ತಿಳಿದಿದ್ದಾರೆ. ಇದು ಪೂರ್ತಿ ತಪ್ಪು. ನಿಮ್ಮ ಮೊದಲ ಆಯ್ಕೆಯವರು ಕಣದಲ್ಲಿ ಇರುವ ತನಕ ನಿಮ್ಮ ‘2’ನ್ನು ಯಾರೂ ಮುಟ್ಟುವುದಿಲ್ಲ. ಅವರು ಹೊರಗೆ ಬಿದ್ದ ಮೇಲೇ ಅದಕ್ಕೆ ಜೀವ. ಸಿಂಧುವಾದ ಮತಗಳ ಅರ್ಧಕ್ಕಿಂತ ಒಂದು ಜಾಸ್ತಿ, ಅದೇ ಕೋಟಾ. ಮೊದಲ ಸುತ್ತಿನಲ್ಲೇ ಯಾರಾದರೂ ಅದನ್ನು ಮುಟ್ಟಿದರೆ ಮುಗಿಯಿತು. ಇಲ್ಲದಿದ್ದರೆ ಎರಡನೇ, ಮೂರನೇ ಪ್ರಾಶಸ್ತ್ಯಗಳೇ ಗೆದ್ದವರನ್ನು ಆರಿಸುತ್ತವೆ.

ಇದೇ ಕೆಲಸಕ್ಕೆ ಅಮೆರಿಕದ ಜಾರ್ಜಿಯಾದಲ್ಲಿ ಜನರನ್ನು ಎರಡನೇ ಸಲ ಬೂತ್‌ಗೆ ಕರೆಯುತ್ತಾರೆ. ಅದನ್ನು ರನ್‌ಆಫ್ ಅನ್ನುತ್ತಾರೆ. 2020ರ ನವೆಂಬರ್‌ನಲ್ಲಿ ಅಲ್ಲಿನ ಸೆನೆಟರ್ ಡೇವಿಡ್ ಪರ್ಡ್ಯೂಗೆ ಶೇ 49.7 ಮತ ಬಿತ್ತು. ನಮ್ಮ ವಿಧಾನಸಭೆ ಲೆಕ್ಕದಲ್ಲಿ ಅವರು ಗೆದ್ದಂತೆ. ಅಲ್ಲಿ ಅರ್ಧ ದಾಟಲೇಬೇಕು. ಅದೇ ರಾಜ್ಯದ ಇನ್ನೊಂದು ಸ್ಥಾನವೂ ತೀರ್ಮಾನ ಆಗಿರಲಿಲ್ಲ. ಹೀಗಾಗಿ 100 ಜನರ ಸೆನೆಟ್ ಯಾರ ಕೈಗೆ ಅನ್ನುವುದೇ ಎರಡು ತಿಂಗಳು ತೂಗಾಡಿತು. 2021ರ ಜನವರಿ 5ರಂದು ಮತ್ತೆ ಮತದಾನ ನಡೆಯಿತು. ಎರಡೂ ಸ್ಥಾನ ಡೆಮಾಕ್ರಟಿಕ್ ಪಕ್ಷಕ್ಕೆ ಬಂದವು. ಸೆನೆಟ್ 50-50 ಆಯಿತು. ಸಮ ಬಿದ್ದಾಗ ಮತ ಹಾಕುವ ಅಧಿಕಾರ ಉಪಾಧ್ಯಕ್ಷರದ್ದು, ಆ ಜಾಗದಲ್ಲಿ ಕಮಲಾ ಹ್ಯಾರಿಸ್ ಇದ್ದರು. ಮಾರ್ಚ್‌ನಲ್ಲಿ ಕೋವಿಡ್ ಪರಿಹಾರದ ಮಸೂದೆ ಸೆನೆಟ್‌ನಲ್ಲಿ 50-49ರಲ್ಲಿ ಪಾಸಾಯಿತು. ತಲೆಗೆ 1,400 ಡಾಲರ್ ಕೊಟ್ಟ ಮಸೂದೆ ಅದು. ಜಾರ್ಜಿಯಾದ ಒಂದು ಸ್ಥಾನ ಆಚೀಚೆ ಆಗಿದ್ದರೆ ಆ ಲೆಕ್ಕವೇ ಬೇರೆ.

ಅದು ದೂರದ ಮಾತು ಅನ್ನಿಸಬಹುದು. ನಮ್ಮದೇ ನೋಡಿ. 2018ರಲ್ಲಿ ವಿಧಾನಸಭೆಯ 224ರಲ್ಲಿ 222 ಕ್ಷೇತ್ರಕ್ಕೆ ಮಾತ್ರ ಮತದಾನ ಆಗಿತ್ತು. ಜಯನಗರದಲ್ಲಿ ಅಭ್ಯರ್ಥಿ ತೀರಿಕೊಂಡಿದ್ದರು. ರಾಜರಾಜೇಶ್ವರಿ ನಗರದಲ್ಲಿ ರಾಶಿ ರಾಶಿ ವೋಟರ್ ಐಡಿ ಸಿಕ್ಕಿ ಚುನಾವಣೆ ಮುಂದೆ ಹೋಗಿತ್ತು. ಬಿಜೆಪಿ 104ಕ್ಕೆ ನಿಂತಿತು, ಬಹುಮತ ಸಿಗಲಿಲ್ಲ. ಮೇ 17ರಂದು ಪ್ರಮಾಣವಚನ ಸ್ವೀಕರಿಸಿದ ಯಡಿಯೂರಪ್ಪನವರು 19ರಂದು ರಾಜೀನಾಮೆ ಕೊಟ್ಟರು. ಮುಂದೆ ಆ ಎರಡೂ ಸ್ಥಾನ ಕಾಂಗ್ರೆಸ್‌ಗೆ ಹೋದವು. ಮರುವರ್ಷ ನಮ್ಮ ಜಿಲ್ಲೆಯ ಚಿಂಚೋಳಿಯಲ್ಲಿ ಉಪಚುನಾವಣೆ ಬಂತು. ಅಲ್ಲಿ ಬಿಜೆಪಿ ಗೆದ್ದು 105 ಆಯಿತು. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ ಬಿದ್ದದ್ದು 99-105ರಲ್ಲಿ. ಆ 105ರಲ್ಲಿ ಒಂದು ಚಿಂಚೋಳಿಯದ್ದು. ನಮ್ಮ ಕಡೆಯ ಒಂದು ಕ್ಷೇತ್ರಕ್ಕೆ ಏನು ಬೆಲೆ ಅನ್ನುವವರು ಇದನ್ನು ನೆನಪಿಡಬೇಕು.

ಪರಿಷತ್ತಿನಲ್ಲಿ ಇನ್ನೂ ಬಿಗಿ. 75 ಜನರ ಮನೆ. ಅದರಲ್ಲಿ ಪದವೀಧರರು 7, ಶಿಕ್ಷಕರು 7. 2023ರಲ್ಲಿ ವಿಧಾನಸಭೆಯಲ್ಲಿ 135 ಗೆದ್ದ ಕಾಂಗ್ರೆಸ್‌ಗೂ ಮೇಲ್ಮನೆಯಲ್ಲಿ ಬಹುಮತ ಇರಲಿಲ್ಲ. ಹೀಗಾಗಿ 2024ರ ಫೆಬ್ರವರಿಯಲ್ಲಿ ದೇವಸ್ಥಾನಗಳ ತಿದ್ದುಪಡಿ ಮಸೂದೆ ಅಲ್ಲಿ ಬಿದ್ದುಹೋಯಿತು. ಕೆಳಮನೆಯಲ್ಲಿ ಮತ್ತೆ ಪಾಸು ಮಾಡಬೇಕಾಯಿತು. ಆ ಮಸೂದೆ ಸರಿಯೋ ತಪ್ಪೋ, ನಾನು ಹೇಳುತ್ತಿಲ್ಲ. ಅದನ್ನು ತಡೆದ ಮನೆಯಲ್ಲಿ ನಾವು ಖಾಲಿ ಬಿಟ್ಟ ‘2’ಗಳ ಪಾಲೂ ಇದೆ ಅನ್ನುತ್ತಿದ್ದೇನೆ.

ಈಗ ನನ್ನ ಅಭಿಪ್ರಾಯ. ವಿಧಾನಸಭೆಗೂ ಈ ನಂಬರ್ ಪದ್ಧತಿ ಬರಬೇಕು. ಮೂರು ಪಕ್ಷ, ಒಬ್ಬ ಬಂಡಾಯ ನಿಂತರೆ ಸಾಕು, ಮೂರನೇ ಒಂದು ಪಾಲು ಮತ ಪಡೆದವರೂ ಶಾಸಕರಾಗಬಹುದು. ಉಳಿದವರ ಮತಕ್ಕೆ ಬೆಲೆ ಎಲ್ಲಿ? ಹಾಗಂತ ಜಾರ್ಜಿಯಾದ ತರಹ ಎರಡು ಸಲ ಮತದಾನ ಬೇಡವೇ ಬೇಡ. ಅಲ್ಲೇ ನವೆಂಬರ್‌ನಲ್ಲಿ ಸುಮಾರು 50 ಲಕ್ಷ ಜನ ಮತ ಹಾಕಿದ್ದರು. ಜನವರಿಯಲ್ಲಿ ಬಂದವರು ಸುಮಾರು 45 ಲಕ್ಷ.

ನಮ್ಮಲ್ಲಿ ಏನಾಗುತ್ತದೆ ಯೋಚಿಸಿ. ಯಾದಗಿರಿ, ಸೇಡಂ, ಚಿತ್ತಾಪುರ ಕಡೆಯ ಎಷ್ಟು ಮನೆಗಳಿಗೆ ಬೀಗ ಬಿದ್ದಿದೆ? ಗುಳೆ ಹೋದವರು ಹೈದರಾಬಾದ್, ಪುಣೆ, ಮುಂಬೈ, ಬೆಂಗಳೂರಿನಲ್ಲಿ ಇಟ್ಟಿಗೆ ಹೊರುತ್ತಿದ್ದಾರೆ. ಮತದಾನಕ್ಕೆ ಅಂತ ಒಂದು ಸಲ ಬರುವುದೇ ಕಷ್ಟ. ಎರಡು ದಿನದ ಕೂಲಿ ಹೋಗುತ್ತದೆ, ಮಕ್ಕಳನ್ನು ಕಟ್ಟಿಕೊಂಡು ರೈಲಿನಲ್ಲಿ ನಿಂತು ಬರಬೇಕು. ನಾಲ್ಕು ವಾರಕ್ಕೆ ಮತ್ತೆ ಬಾ ಅಂದರೆ ಯಾರು ಬರುತ್ತಾರೆ? ಊರಲ್ಲಿ ಉಳಿದವರೇ ಸರ್ಕಾರ ಆರಿಸುತ್ತಾರೆ. ಒಂದೇ ಸಲ ಬಂದು 1, 2, 3 ಅಂತ ಬರೆದು ಹೋದರೆ, ಆ ಕೂಲಿಯವರ ಮತ ಕೊನೆಯ ಸುತ್ತಿನ ತನಕ ಊರಲ್ಲೇ ಇರುತ್ತದೆ, ಅಲ್ವಾ? ಅಕ್ಷರ ಬಾರದವರು ಹೇಗೆ ಬರೆಯುತ್ತಾರೆ ಅಂತ ಕೇಳುತ್ತೀರಿ. ದಿನದ ಕೂಲಿ ಲೆಕ್ಕ ಬೆರಳಲ್ಲೇ ಹಾಕುವವರಿಗೆ ಒಂದು, ಎರಡು ಕಲಿಸುವುದು ದೊಡ್ಡದಲ್ಲ. ಮತಯಂತ್ರದಲ್ಲೂ ಅದಕ್ಕೊಂದು ದಾರಿ ಹುಡುಕಬಹುದು.

ಅಲ್ಲಿ ತನಕ, ಇರುವುದನ್ನಾದರೂ ಸರಿಯಾಗಿ ಬಳಸೋಣ. ಈಶಾನ್ಯ ಶಿಕ್ಷಕರ ಕ್ಷೇತ್ರಕ್ಕೆ ಚುನಾವಣೆ ನಡೆದದ್ದು 2020ರಲ್ಲಿ, ಅವಧಿ ಆರು ವರ್ಷ. ಮಾಮೂಲಿ ವೋಟರ್ ಲಿಸ್ಟ್‌ನಲ್ಲಿ ಹೆಸರು ಇದ್ದರೆ ಸಾಲದು. ಇದರ ಪಟ್ಟಿ ಪ್ರತಿ ಸಲ ಹೊಸದಾಗಿ ಆಗುತ್ತದೆ. ಹೆಸರು ಸೇರಿಸುವ ಅರ್ಜಿ, ಶಿಕ್ಷಕರಿಗೆ ನಮೂನೆ 19, ಪದವೀಧರರಿಗೆ 18. ಬೂತ್‌ನಲ್ಲಿ ಅವರೇ ಕೊಡುವ ನೇರಳೆ ಸ್ಕೆಚ್ ಪೆನ್ನಿನಲ್ಲೇ ಬರೆಯಿರಿ. ಅಂಕಿಯಲ್ಲೇ ಬರೆಯಿರಿ, ಕನ್ನಡ ಅಂಕಿಯಾದರೂ ನಡೆಯುತ್ತದೆ.

ಕಾಕಾಗೆ ಇದನ್ನೆಲ್ಲ ಒಂದು ಹಾಳೆಯ ಮೇಲೆ ಐದು ಹೆಸರು ಬರೆದು ತೋರಿಸಿದೆ. ಒಬ್ಬರನ್ನು ಹೊಡೆದು ಹಾಕಿ, ಮತ ಎಲ್ಲಿ ಹೋಯಿತು ಅಂತ ಬಾಣ ಎಳೆದೆ. ಬಹಳ ಹೊತ್ತು ನೋಡಿದರು. ‘ಈ ಹಾಳಿ ಇಲ್ಲೇ ಇರಲಿ,’ ಅಂದರು. ‘ಸೊಸಿ ಹೈಸ್ಕೂಲ್ ಟೀಚರ್ ಇದ್ದಾಳ. ಸಾಲಿಯಿಂದ ಬಂದ್ ಮ್ಯಾಲ ತೋರಸ್ತೀನಿ.’