ರಾಜ್ಯಸಭೆಯಲ್ಲಿ ರಾಜ್ಯ ಎಲ್ಲಿದೆ?

ಇಂದು ಸಂಜೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಮ್ಮ ಬಳಗ ಮತ್ತೆ ಕ್ಷೇತ್ರ ಪುನರ್ವಿಂಗಡಣೆಯ, ಅಂದರೆ ಜನಸಂಖ್ಯೆಗೆ ತಕ್ಕಂತೆ ಲೋಕಸಭೆಯ ಸ್ಥಾನಗಳನ್ನು ಮರುಹಂಚುವ, ಚರ್ಚೆಗೆ ಇಳಿದಿತ್ತು. ಉತ್ತರದವರಿಗೆ ಎಷ್ಟು ಸ್ಥಾನ ಹೆಚ್ಚಬಹುದು, ಕರ್ನಾಟಕದ 28ರ ಗತಿ ಏನು ಎಂಬ ಲೆಕ್ಕವೇ ಮುಗಿಯಲಿಲ್ಲ. ರಾಜ್ಯಸಭೆಯ ಮಾತನ್ನು ನಾನು ಎತ್ತಿದಾಗ, “ಬಿಡಿ ಮೇಷ್ಟ್ರೇ, ಅದು ಸೋತವರಿಗೆ ಕೊಡೋ ಪೆನ್ಷನ್” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಲೋಕಸಭೆ ಜನರ ತಲೆಯೆಣಿಕೆಯ ಸಭೆ. 1976ರಲ್ಲಿ 42ನೇ ತಿದ್ದುಪಡಿ ರಾಜ್ಯಗಳ ಪಾಲನ್ನು 1971ರ ಜನಗಣತಿಗೆ ಕಟ್ಟಿಹಾಕಿತು. 2001ರ 84ನೇ ತಿದ್ದುಪಡಿ ಆ ಗಂಟನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದೂಡಿತು. ಜನಸಂಖ್ಯೆಯನ್ನು ಹತೋಟಿಗೆ ತಂದ ರಾಜ್ಯಗಳಿಗೆ ಭಯವಾಗುವುದು ಸಹಜ. ಆದರೆ ಒಕ್ಕೂಟ ವ್ಯವಸ್ಥೆಯಲ್ಲಿ ಆ ಭಯಕ್ಕೆ ಉತ್ತರ ಕೊಡಬೇಕಾದದ್ದು ಎರಡನೆಯ ಸಭೆಯಾದ ರಾಜ್ಯಸಭೆಯಲ್ಲವೇ? 1787ರಲ್ಲಿ ಅಮೆರಿಕದವರು ಇದೇ ಜಗಳ ಆಡಿ, ಒಂದು ಸಭೆಯನ್ನು ಜನಸಂಖ್ಯೆಗೆ ಬಿಟ್ಟು, ಸೆನೆಟ್‌ನಲ್ಲಿ ಪ್ರತಿ ರಾಜ್ಯಕ್ಕೂ ಇಬ್ಬರೆಂದು ನಿಶ್ಚಯಿಸಿದರು. 1881ರಲ್ಲೇ ಪ್ರಜಾಪ್ರತಿನಿಧಿ ಸಭೆಯನ್ನೂ, 1907ರಲ್ಲಿ ನ್ಯಾಯವಿಧೇಯಕ ಸಭೆಯನ್ನೂ ಕಂಡ ಮೈಸೂರಿನವರಿಗೆ, ಎರಡು ಸಭೆಗಳಿದ್ದರೆ ಎರಡಕ್ಕೂ ಬೇರೆ ಬೇರೆ ಕೆಲಸವಿರಬೇಕೆಂದು ಬಿಡಿಸಿ ಹೇಳಬೇಕೇ?

ನಮ್ಮ ಲೆಕ್ಕ ನೋಡಿ. ಲೋಕಸಭೆಯ 543ರಲ್ಲಿ ಕರ್ನಾಟಕಕ್ಕೆ 28. ರಾಜ್ಯಸಭೆಯ ಚುನಾಯಿತ 233ರಲ್ಲಿ 12. ಎರಡೂ ಕಡೆ ಸುಮಾರು ಶೇ. 5.15! ಉತ್ತರ ಪ್ರದೇಶಕ್ಕೆ ಅಲ್ಲಿ 80, ಇಲ್ಲಿ 31. ಒಂದೇ ತಕ್ಕಡಿಯಲ್ಲಿ ಎರಡು ಸಲ ತೂಗಿ, ಎರಡನೆಯ ತೂಕಕ್ಕೆ ‘ರಾಜ್ಯಗಳ ಸಭೆ’ ಎಂದು ಹೆಸರಿಟ್ಟಿದ್ದೇವೆ. (ಮನೆಯಲ್ಲಿ ನಾನು ಈ ಲೆಕ್ಕ ಶುರುಮಾಡಿದ ಕೂಡಲೇ ಟಿವಿಯ ದನಿ ಏರುತ್ತದೆ. ಇರಲಿ.)

ಅಷ್ಟೂ ಸಾಲದೆಂಬಂತೆ, 2003ರಲ್ಲಿ ರಾಜ್ಯಸಭೆಯ ಅಭ್ಯರ್ಥಿ ತಾನು ಪ್ರತಿನಿಧಿಸುವ ರಾಜ್ಯದ ಮತದಾರನಾಗಿರಬೇಕೆಂಬ ಷರತ್ತನ್ನೇ ಕಾಯ್ದೆಯಿಂದ ತೆಗೆದುಹಾಕಿದರು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2016 ಮತ್ತು 2022ರಲ್ಲಿ ನಿರ್ಮಲಾ ಸೀತಾರಾಮನ್, 2024ರಲ್ಲಿ ಅಜಯ್ ಮಾಕನ್ ನಮ್ಮ ವಿಧಾನಸೌಧದಿಂದಲೇ ಆರಿಸಿ ಹೋದರು. ಅವರ ಯೋಗ್ಯತೆಯನ್ನು ನಾನು ಪ್ರಶ್ನಿಸುತ್ತಿಲ್ಲ. ಈ ವಿಷಯದಲ್ಲಿ ಪಕ್ಷಗಳ ನಡುವೆ ಇರುವ ಅಪೂರ್ವ ಸೌಹಾರ್ದವನ್ನು ಮೆಚ್ಚಿಕೊಳ್ಳುತ್ತಿದ್ದೇನೆ.

ಸುಮಾರು ಆರು ಲಕ್ಷ ಜನರ ಸಿಕ್ಕಿಂಗೂ ಇಪ್ಪತ್ತು ಕೋಟಿಯ ಉತ್ತರ ಪ್ರದೇಶಕ್ಕೂ ಸಮಪಾಲು ಕೊಡುವುದು ಪ್ರಜಾಪ್ರಭುತ್ವವೇ ಎಂದು ಕೇಳುವವರಿದ್ದಾರೆ. ಪ್ರಶ್ನೆಯಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಸಮಪಾಲೇ ಬೇಕೆಂದು ಯಾರು ಹಟ ಹಿಡಿದಿದ್ದಾರೆ? ಜರ್ಮನಿಯ ರಾಜ್ಯಗಳ ಸಭೆಯಾದ ಬುಂಡೆಸ್ರಾಟ್‌ನಲ್ಲಿ ಅತಿ ಚಿಕ್ಕ ರಾಜ್ಯಕ್ಕೆ 3 ಮತ, ಅತಿ ದೊಡ್ಡದಕ್ಕೆ 6. ದೊಡ್ಡವರಿಗೆ ಹೆಚ್ಚು ಸಿಕ್ಕಿತು, ಚಿಕ್ಕವರು ಮುಳುಗಲಿಲ್ಲ. ತಲೆಯೆಣಿಕೆಯ ನ್ಯಾಯಕ್ಕಾಗಿ ಲೋಕಸಭೆ ಇದ್ದೇ ಇದೆ. ಧನ ವಿಧೇಯಕವನ್ನು ರಾಜ್ಯಸಭೆ 14 ದಿನಕ್ಕಿಂತ ಹೆಚ್ಚು ತಡೆಹಿಡಿಯುವಂತೆಯೂ ಇಲ್ಲ. ಇಷ್ಟು ಬಲಹೀನ ಸಭೆಯಲ್ಲೂ ರಾಜ್ಯಗಳಿಗೆ ಒಂದಿಷ್ಟು ತೂಕ ಕೊಡಲು ಹೆದರುವುದೇಕೆ?

ಪಾಲು ಬದಲಿಸಲು ಸಂವಿಧಾನ ತಿದ್ದಬೇಕು, ಒಪ್ಪಿದೆ. ಆದರೆ ಮತದಾರನಾಗಿರಬೇಕೆಂಬ ಷರತ್ತನ್ನು ಮರಳಿ ತರಲು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಗೆ ಸರಳ ಬಹುಮತದ ತಿದ್ದುಪಡಿ ಸಾಕು. ಲೋಕಸಭೆಯ ಒಂದೊಂದು ಸ್ಥಾನಕ್ಕೂ ಗಂಟಲು ಹರಿದುಕೊಳ್ಳುವ ನಮ್ಮ ಸಂಸದರಲ್ಲಿ ಒಬ್ಬರಾದರೂ, ಯಾವ ಪಕ್ಷದವರೇ ಆಗಲಿ, ಇದಕ್ಕೊಂದು ಖಾಸಗಿ ಸದಸ್ಯರ ಮಸೂದೆಯನ್ನು ಮಂಡಿಸಲಿ.