ಉತ್ತರ ಪತ್ರಿಕೆ ಜೊತೆಗೇ ಬಂದ ಪಠ್ಯಪುಸ್ತಕ

ಇವತ್ತು ಮಧ್ಯಾಹ್ನ ಊಟದ ಡಬ್ಬಿ ಮುಚ್ಚಳ ತೆಗೆಯೋ ಹೊತ್ತಿಗೆ ಕಾಲೇಜಿನ ಗೇಟಿಗೆ ಒಂದು ಗೂಡ್ಸ್ ಆಟೋ ಬಂತು. ಪರೀಕ್ಷೆಗೆ ಬೇಕಾದ ಖಾಲಿ ಉತ್ತರ ಪತ್ರಿಕೆಗಳ ಬಂಡಲ್. ಇಳಿಸ್ಕೊಳ್ಳೋಕೆ ಅಟೆಂಡರ್ ಓಡಿದರು, ಎಣಿಸ್ಕೊಳ್ಳೋಕೆ ಎಸ್‌ಡಿಎ ಓಡಿದರು, ಸ್ಟ್ರಾಂಗ್ ರೂಮಿನ ಬೀಗದ ಕೈ ಹಿಡಕೊಂಡು ಪ್ರಿನ್ಸಿಪಾಲರೇ ಬಂದರು. ಎಲ್ಲ ಇಳಿದ ಮೇಲೆ ಆಟೋದ ಮೂಲೆಯಲ್ಲಿ, ಸ್ಟೆಪ್ನಿ ಪಕ್ಕ, ಕಂದು ಕಾಗದ ಸುತ್ತಿದ ಮೂರು ಕಟ್ಟು ಉಳಿದಿದ್ದವು. "ಮೇಡಂ, ಇವು ನಿಮ್ಮವಂತೆ, ಎಲ್ಲಿಡ್ಲಿ?" ಅಂದರು ಅಟೆಂಡರ್.

ದಾರ ಕೊಯ್ದು ನೋಡಿದೆ. ಬಿ.ಕಾಂ. ಮೂರನೇ ಸೆಮಿಸ್ಟರಿನ ಕನ್ನಡ ಪಠ್ಯಪುಸ್ತಕ. 70 ಪ್ರತಿ. ಪಾಠ ಶುರುವಾಗಿದ್ದು ಸೆಪ್ಟೆಂಬರಿನಲ್ಲಿ. ಪರೀಕ್ಷೆಗೆ ಇನ್ನು 12 ದಿನ.

ಉತ್ತರ ಬರೆಯೋ ಕಾಗದ, ಉತ್ತರ ಇರೋ ಪುಸ್ತಕ, ಎರಡೂ ಒಂದೇ ಆಟೋದಲ್ಲಿ! ಹತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಏನೇನೋ ನೋಡಿದ್ದೀನಿ, ಇಷ್ಟು ಚೆನ್ನಾಗಿ ಜೋಡಿ ಕೂಡಿಸಿದ್ದು ನೋಡಿರಲಿಲ್ಲ. ನಗು ಬಂತು. ಆಮೇಲೆ ಸಿಟ್ಟು ಬಂತು. ಸಿಟ್ಟು ಇನ್ನೂ ಹೋಗಿಲ್ಲ, ಅದಕ್ಕೇ ಇಲ್ಲಿ ಬಂದು ಕೂತಿದ್ದೀನಿ. ಮಧ್ಯಾಹ್ನ ಚಪಾತಿ ಹಾಗೇ ಡಬ್ಬಿಯಲ್ಲಿ ಉಳೀತು.

ನನ್ನ ಪ್ರಶ್ನೆ ಒಂದೇ. ಉತ್ತರ ಪತ್ರಿಕೆ ಯಾವತ್ತಾದರೂ ತಡವಾಗಿ ಬಂದಿದ್ಯಾ? ಪರೀಕ್ಷೆ ಮುಗಿದ ಮೇಲೆ ಬಂದಿದ್ದು, "ಪ್ರಿಂಟಿಂಗಲ್ಲಿದೆ ಮೇಡಂ, ಮುಂದಿನ ವಾರ ವಿಚಾರಿಸಿ" ಅಂದಿದ್ದು ಯಾರಾದರೂ ಕೇಳಿದ್ದೀರಾ? ಅದೂ ಕಾಗದವೇ ತಾನೆ? ಅದಕ್ಕೂ ಟೆಂಡರ್, ಅದಕ್ಕೂ ಪ್ರೆಸ್ಸು, ಅದಕ್ಕೂ ಲಾರಿ. ಅಂದರೆ ನಮಗೆ ಕಾಗದವನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸೋಕೆ ಬರುತ್ತೆ. ಆ ಕಾಗದದ ಮೇಲೆ ಪಾಠ ಅಚ್ಚಾಗಿದ್ದರೆ ಮಾತ್ರ ಬರಲ್ಲ.

ನನ್ನನ್ನು ಬಲ್ಲವರಿಗೆ ಗೊತ್ತು, ಈ ಸಲ ನಾನು ಎಷ್ಟು ಮುಂಚೆ ಶುರು ಹಚ್ಚಿಕೊಂಡೆ ಅಂತ. ಜುಲೈನಲ್ಲೇ ಇಂಡೆಂಟ್, ಅಂದರೆ ಇಷ್ಟು ಪ್ರತಿ ಬೇಕು ಅನ್ನೋ ಬೇಡಿಕೆ ಪತ್ರ, ಕಳಿಸಿದೆ. ಹುಡುಗರ ಹತ್ತಿರ ದುಡ್ಡು ಎತ್ತೋದು ತಡವಾಗುತ್ತೆ ಅಂತ 95 ರೂಪಾಯಿಯಂತೆ 70 ಪ್ರತಿಗೆ 6,650 ರೂಪಾಯಿ ನಾನೇ ಕಟ್ಟಿದೆ. (ಇದು ಮನೆಯವರಿಗೆ ಇನ್ನೂ ಹೇಳಿಲ್ಲ. ಇಲ್ಲೇ ಓದಿ ತಿಳ್ಕೊಳ್ಳಲಿ.) ಎರಡು ಸಲ ಖುದ್ದಾಗಿ ಯೂನಿವರ್ಸಿಟಿ ಪುಸ್ತಕ ಮಳಿಗೆಗೆ ಹೋದೆ. ಶಕ್ತಿ ಯೋಜನೆ ಪುಣ್ಯ, ಬಸ್ ಚಾರ್ಜ್ ಉಳೀತು. ಮೊದಲನೇ ಸಲ ಹೋದಾಗ ಬಿ.ಎ. ಪುಸ್ತಕ ಬಂದಿತ್ತು, ಬಿ.ಕಾಂ.ದು ಇರಲಿಲ್ಲ. ಎರಡನೇ ಸಲ ಬಿ.ಎಸ್ಸಿ.ದು ಬಂದಿತ್ತು, ಬಿ.ಕಾಂ.ದು ಇರಲಿಲ್ಲ. ಕೌಂಟರಿನವರು ಒಳ್ಳೆಯವರು, ಟೀ ತರಿಸಿದರು. "ಎಲ್ಲರಿಗೂ ಒಂದೇ ಪುಸ್ತಕ ಮಾಡಿ ಅಂತ ಹೇಳಿ ಮೇಡಂ, ನಮಗೂ ಸುಲಭ" ಅಂದರು. ಅವರ ತಲೆ ಮೇಲೆ ಒಂದು ಬೋರ್ಡು: ಮಾರಿದ ಪುಸ್ತಕಗಳನ್ನು ವಾಪಸ್ ಪಡೆಯುವುದಿಲ್ಲ. ಆವತ್ತು ಅದನ್ನು ಸರಿಯಾಗಿ ಓದ್ಕೊಬೇಕಿತ್ತು.

ಯಾಕೆ ಅಂದರೆ ಇವತ್ತು ಕಟ್ಟು ಬಿಚ್ಚಿಕೊಂಡು ಖುಷಿಯಿಂದ ಕ್ಲಾಸಿಗೆ ಹೋದೆ ನೋಡಿ. "ಪುಸ್ತಕ ಬಂತ್ರಪ್ಪಾ!" ಅಂದೆ. ಮುಂದಿನ ಬೆಂಚಿನ ಹುಡುಗಿ ಪಾಪ ಮರ್ಯಾದೆಯಿಂದಲೇ ಹೇಳಿದಳು, "ಈಗ್ಯಾಕೆ ಮಿಸ್, ಜೆರಾಕ್ಸ್ ಮಾಡಿಸ್ಬಿಟ್ಟಿದ್ದೀವಲ್ಲ." ಒಂಬತ್ತು ಜನ ತಗೊಂಡರು. ಅದರಲ್ಲಿ ಇಬ್ಬರು ನನ್ನ ಮುಖ ನೋಡಿ ತಗೊಂಡಿದ್ದು. ಉಳಿದ 61 ಪುಸ್ತಕ, ಅಂದರೆ 5,795 ರೂಪಾಯಿ, ಈಗ ವಿಭಾಗದ ಬೀರುವಿನಲ್ಲಿದೆ.

ಆ ಬೀರು ಒಂದು ಸಲ ಬಂದು ನೋಡಬೇಕು ನೀವು. ಭೂಗರ್ಭಶಾಸ್ತ್ರದವರು ಪದರ ತೋರಿಸ್ತಾರಲ್ಲ, ಹಾಗಿದೆ. ಕೆಳಗಿನ ಅರೆಯಲ್ಲಿ 2021ಕ್ಕಿಂತ ಮುಂಚಿನ ಪಠ್ಯ. ಅದರ ಮೇಲೆ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ ಕಾಲದ್ದು. 2021ರಲ್ಲಿ ದೇಶದಲ್ಲೇ ಮೊದಲು ಜಾರಿ ಮಾಡಿದ್ದು ನಾವು ಅಂತ ಬೀಗಿದ್ದೆವಲ್ಲ, ಆಗಿನದು. ಅದರ ಮೇಲೆ ಎಸ್‌ಇಪಿ, ರಾಜ್ಯದ್ದೇ ಶಿಕ್ಷಣ ನೀತಿಯದು. 2024ರ ಮೇನಲ್ಲಿ ನಾಲ್ಕು ವರ್ಷದ ಪದವಿ ಬೇಡ, ಮತ್ತೆ ಮೂರು ವರ್ಷ ಅಂತ ಆದೇಶ ಆಯ್ತು, 2024-25ರ ಸಾಲಿಗೆ ಹೊಸ ಪಠ್ಯಕ್ರಮ ಬಂತು. ನಾನು ಯಾವ ಪಾಲಿಸಿಯ ಪರವೂ ಇಲ್ಲ, ವಿರೋಧವೂ ಇಲ್ಲ, ಕಾಮೆಂಟಿನಲ್ಲಿ ದಯವಿಟ್ಟು ಆ ಜಗಳ ಎತ್ತಬೇಡಿ. ನಾನು ಹೇಳ್ತಿರೋದು ಬೀರುವಿನ ಕಥೆ. ಮುಂಚೆ ಅಕ್ಕನ ಪುಸ್ತಕ ತಂಗಿಗೆ ಬರ್ತಿತ್ತು. ಸೀನಿಯರ್ ಅರ್ಧ ರೇಟಿಗೆ ಜೂನಿಯರಿಗೆ ಕೊಡ್ತಿದ್ದ, ಮಾರ್ಜಿನ್ನಿನಲ್ಲಿ ಪೆನ್ಸಿಲಲ್ಲಿ ಬರೆದ ಅರ್ಥವೂ ಫ್ರೀಯಾಗಿ ಬರ್ತಿತ್ತು. ಪುಸ್ತಕ ಒಂದು ತಿಂಗಳು ತಡವಾದರೂ ನಡೀತಿತ್ತು. ಈಗ ಮೂರು ವರ್ಷಕ್ಕೊಮ್ಮೆ ಪಠ್ಯವೇ ಬದಲಾದರೆ ಹಳೇ ಪುಸ್ತಕ ಎಲ್ಲಿಂದ ತರೋದು? ಹೊಸದೇ ಬರಬೇಕು. ಹೊಸದು ಉತ್ತರ ಪತ್ರಿಕೆ ಜೊತೆ ಬರುತ್ತೆ.

"ಪಿಡಿಎಫ್ ಇದೆಯಲ್ಲ ಮೇಡಂ, ಈ ಕಾಲದಲ್ಲೂ ಪುಸ್ತಕ ಪುಸ್ತಕ ಅಂತೀರಲ್ಲ" ಅಂತ ಒಬ್ಬ ಸಹೋದ್ಯೋಗಿ ಅಂದರು. ಕಾಮರ್ಸಿನವರು. ಆಯ್ತು ಸಾರ್, ನಿಮ್ಮ ಅಕೌಂಟೆನ್ಸಿಗೆ ಪಿಡಿಎಫ್ ಸಾಕಾಗಬಹುದು. ನನ್ನ ಕಥೆ ಕೇಳಿ.

ಪುಸ್ತಕ ಇಲ್ಲ ಅಂತ ಅಕ್ಟೋಬರಿನಲ್ಲಿ ನಮ್ಮ ಕನ್ನಡ ಮೇಷ್ಟ್ರುಗಳ ವಾಟ್ಸಾಪ್ ಗುಂಪಿನಲ್ಲಿ ಯಾರೋ ಪುಣ್ಯಾತ್ಮರು ಪಠ್ಯದ ವರ್ಡ್ ಫೈಲ್ ಹಾಕಿದರು. ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ್ದು. ಫೋನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳಿಗೆಲ್ಲ ಕೋಡು ಬಾಲ ಬಂದ ಹಾಗೆ ಕಾಣ್ತಿತ್ತು. ಇನ್ಯಾರೋ ಯೂನಿಕೋಡಿಗೆ ಪರಿವರ್ತಿಸಿ ಪಿಡಿಎಫ್ ಮಾಡಿ ಹಾಕಿದರು. ಅದರಲ್ಲಿ ಹಳಗನ್ನಡ ಭಾಗದ ಱ, ೞ ಎಲ್ಲ ಖಾಲಿ ಚೌಕಗಳಾಗಿದ್ದವು. ಅರ್ಕಾವತ್ತುಗಳು ಎಲ್ಲೆಲ್ಲಿಗೋ ಹಾರಿದ್ದವು. ಭಾಮಿನಿ ಷಟ್ಪದಿಯ ಆರು ಸಾಲು ಒಂದಕ್ಕೊಂದು ಅಂಟಿಕೊಂಡು ಮೂರೂವರೆ ಸಾಲಿನ ಪ್ಯಾರಾ ಆಗಿತ್ತು. ಷಟ್ಪದಿ ಅಂದರೆ ಆರು ಸಾಲು ಅಂತ ಬೋರ್ಡಿನ ಮೇಲೆ ಬರೀತಿದ್ದೀನಿ, ಹಿಂದಿನ ಬೆಂಚಿನ ಹುಡುಗ ಫೋನ್ ಎತ್ತಿ ತೋರಿಸ್ತಾನೆ, "ಇಲ್ಲಿ ಮೂರೂವರೆ ಇದೆ ಮಿಸ್."

ಪದ್ಯ ಪಾಠ ಮಾಡಿದವರಿಗೆ ಗೊತ್ತು. ಹುಡುಗರಿಗೆ ಪ್ರಾಸ ಹೇಳಿಕೊಡೋದು ಹೇಗೆ? ಪ್ರತಿ ಸಾಲಿನ ಎರಡನೇ ಅಕ್ಷರದ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ ಇಳಿಯಿರಿ ಅಂತೀವಿ. ಬೆರಳು ಇಳೀತಾ ಇಳೀತಾ ಅದೇ ಅಕ್ಷರ ಮತ್ತೆ ಮತ್ತೆ ಸಿಕ್ಕಾಗ ಒಂದು ಮುಖ ಅರಳುತ್ತೆ ನೋಡಿ, ಆ ಒಂದು ಗಳಿಗೆಗಾಗಿ ನಾನು ಈ ನೌಕರಿ ಮಾಡ್ತಿರೋದು. ಅದೇ ಫೋನಿನ ಮೇಲೆ ಬೆರಳಿಟ್ಟು ಇಳಿಸಿದರೆ ಏನಾಗುತ್ತೆ? ಪುಟವೇ ಮೇಲಕ್ಕೆ ಹೋಗುತ್ತೆ. ಇನ್ನು ಪ್ರಸ್ತಾರ ಹಾಕೋದು. ಅಕ್ಷರದ ನೆತ್ತಿ ಮೇಲೆ ಪೆನ್ಸಿಲಿನಲ್ಲಿ ಲಘು ಗುರು ಗುರುತು ಹಾಕ್ಕೊಂಡು, ಮೂರು ನಾಲ್ಕು ಮೂರು ನಾಲ್ಕು ಅಂತ ಗಣ ಕಡೀಬೇಕು. ಸ್ಕ್ರೀನ್ ಮೇಲೆ ಪೆನ್ಸಿಲ್ ಓಡಿಸಲಾ?

ಆದ್ದರಿಂದ ಪಿಡಿಎಫ್ ವಾದ ಅಲ್ಲಿಗೇ ಬಿಟ್ಟೆ. ಜೆರಾಕ್ಸಿನ ಮಾತಿಗೆ ಬರ್ತೀನಿ. ಆ ಚೌಕಗಳ ಪಿಡಿಎಫನ್ನೇ ನಮ್ಮ ಹುಡುಗರು ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲಿ, ಒಂದು ಹಾಳೆಗೆ ಎರಡು ಪುಟದಂತೆ ಹಾಕಿಸಿದರು. 68 ರೂಪಾಯಿ, ಸ್ಪೈರಲ್‌ಗೆ 30, ಒಟ್ಟು 98. ಪುಸ್ತಕಕ್ಕಿಂತ ಮೂರು ರೂಪಾಯಿ ಜಾಸ್ತಿ ಕೊಟ್ಟು ತಪ್ಪು ಪಾಠ ಕೊಂಡುಕೊಂಡರು! "ಈಗಿನ ಹುಡುಗರು ಪುಸ್ತಕಕ್ಕೆ ದುಡ್ಡು ಬಿಚ್ಚಲ್ಲ" ಅಂತ ಭಾಷಣ ಬಿಗಿಯೋರು ಈ ಲೆಕ್ಕ ಒಂದು ಸಲ ಮಾಡಿ. ಬಿಚ್ಚಿದ್ದಾರೆ. ಪುಸ್ತಕ ಇರಲಿಲ್ಲ.

ಜೆರಾಕ್ಸ್ ಅಂದರೆ ಕಳ್ಳತನ ಅಂತ ಮಳಿಗೆಯವರೊಬ್ಬರು ನನಗೆ ಉಪದೇಶ ಮಾಡಿದ್ದೂ ಆಯ್ತು. ದೆಹಲಿ ಯೂನಿವರ್ಸಿಟಿ ಕೇಸು ನೆನಪಾಯ್ತು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಥರದ ದೊಡ್ಡ ಪ್ರಕಾಶಕರು 2012ರಲ್ಲಿ ಅಲ್ಲಿನ ಕ್ಯಾಂಪಸ್ಸಿನ ಒಂದು ಪುಟ್ಟ ಜೆರಾಕ್ಸ್ ಅಂಗಡಿ ಮೇಲೆ ಕೇಸು ಹಾಕಿದ್ದರು. 2016ರ ಸೆಪ್ಟೆಂಬರಿನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ತಳ್ಳಿಹಾಕಿತು, ಪಾಠಕ್ಕಾಗಿ ಆಯ್ದ ಭಾಗಗಳ ಪ್ರತಿ ಮಾಡಿಕೊಳ್ಳೋಕೆ ಕಾಪಿರೈಟ್ ಕಾಯ್ದೆಯಲ್ಲೇ ಅವಕಾಶ ಇದೆ ಅಂತ. ಮೇಲ್ಮನವಿ, ವಿಭಾಗೀಯ ಪೀಠ ಎಲ್ಲ ಆಗಿ ಕೊನೆಗೆ 2017ರಲ್ಲಿ ಪ್ರಕಾಶಕರೇ ಕೇಸು ವಾಪಸ್ ತಗೊಂಡರು. ಇಡೀ ಪುಸ್ತಕ ಜೆರಾಕ್ಸ್ ಮಾಡೋಕೆ ಅದು ರಹದಾರಿ ಅಲ್ಲ, ಅಷ್ಟು ನನಗೂ ಗೊತ್ತು. ಆದರೆ ಸ್ವಾಮಿ, ನಿಮ್ಮ ಪುಸ್ತಕ ಕಾಪಿ ಆಗಬಾರದು ಅಂದರೆ ಮೊದಲು ನಿಮ್ಮ ಪುಸ್ತಕ ಇರಬೇಕಲ್ಲ!

ನನ್ನ ತಂಗಿ ಮಗ ಅಮೆರಿಕದಲ್ಲಿ ಓದ್ತಿದ್ದಾನೆ. ಅಲ್ಲಿ 2008ರಲ್ಲೇ ಒಂದು ಕಾನೂನು ಮಾಡಿದ್ದಾರೆ. ಯಾವ ಕೋರ್ಸಿಗೆ ಯಾವ ಪುಸ್ತಕ, ಅದರ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಯಾವುದು, ಬೆಲೆ ಎಷ್ಟು ಅನ್ನೋದನ್ನು ಆದಷ್ಟೂ ಹುಡುಗರು ಕೋರ್ಸಿಗೆ ಹೆಸರು ನೋಂದಾಯಿಸೋ ಹೊತ್ತಿಗೇ ವೇಳಾಪಟ್ಟಿ ಜೊತೆ ಪ್ರಕಟಿಸಬೇಕು. ಕ್ಯಾಂಪಸ್ಸಿನ ಪುಸ್ತಕದಂಗಡಿಗೂ ಅದೇ ಪಟ್ಟಿ. ಅವನ ಗೋಳೆಲ್ಲ ಬೆಲೆಯದು. "ದೊಡ್ಡಮ್ಮಾ, ಒಂದು ಪುಸ್ತಕದ ದುಡ್ಡಲ್ಲಿ ತಿಂಗಳ ದಿನಸಿ ಬರುತ್ತೆ" ಅಂತಾನೆ. ನಮ್ಮಲ್ಲಿ 95 ರೂಪಾಯಿ. ಯಾರ ಗೋಳು ದೊಡ್ಡದು ಅಂತ ಫೋನಿನಲ್ಲಿ ಅರ್ಧ ಗಂಟೆ ಜಗಳ ಆಡಿದ್ದೀವಿ.

ಮಳಿಗೆಯವರ ಕಡೆಯ ಮಾತೂ ಇದೆ, ಇಲ್ಲ ಅನ್ನಲ್ಲ. "ಎಷ್ಟು ಪ್ರತಿ ಬೇಕು ಅಂತ ನಿಮ್ಮ ಕಾಲೇಜಿಗೇ ಗೊತ್ತಿರಲ್ಲ, ಪ್ರವೇಶದ ದಿನಾಂಕ ವಿಸ್ತರಣೆ ಮಾಡ್ತಾನೇ ಇರ್ತೀರಿ, ನಾವು ಎಷ್ಟು ಅಂತ ಅಚ್ಚು ಹಾಕ್ಸೋದು?" ಅಂತಾರೆ. ಮದುವೆ ಮನೆಯಲ್ಲಿ ಬಂದವರ ತಲೆ ಎಣಿಸಿಕೊಂಡು ಒಲೆ ಹಚ್ತಾರಾ? ಅಂದಾಜು ಅಂತ ಒಂದು ಇರುತ್ತೆ. ನನ್ನ ಬಿ.ಕಾಂ. ಕ್ಲಾಸಿನಲ್ಲಿ ಐದು ವರ್ಷದಿಂದ 65ರಿಂದ 75 ಜನ. ಅಡುಗೆ ಭಟ್ಟರಿಗೆ ಇರೋ ಲೆಕ್ಕ ಯೂನಿವರ್ಸಿಟಿಗೆ ಬೇಡವಾ? ಅದಕ್ಕೆ ಅವರು, ತಡ ನಮ್ಮದಲ್ಲ, ಪ್ರೆಸ್ಸಿನದು ಅಂತಾರೆ. ಪ್ರೆಸ್ಸಿನವರು ಕರಡು ತಿದ್ದಿ ಬಂದಿದ್ದೇ ತಡ ಅಂತಾರೆ. ಸಂಪಾದಕರು ಲೇಖಕರ ಅನುಮತಿ ಬರೋದು ತಡ ಆಯ್ತು ಅಂತಾರೆ. ಪಠ್ಯ ಗೊತ್ತು ಮಾಡೋ ಅಧ್ಯಯನ ಮಂಡಳಿಯವರು ಸರ್ಕಾರದ ಆದೇಶವೇ ತಡ ಅಂತಾರೆ. ಎಲ್ಲರೂ ಹೇಳೋದು ನಿಜವೇ. ಎಲ್ಲರ ನಿಜ ಕೂಡಿಸಿದರೆ ಡಿಸೆಂಬರ್ ಆಗುತ್ತೆ.

ಪುಸ್ತಕ ಕಳಿಸೋಕೆ ವಾಹನ ಇಲ್ಲ ಅನ್ನೋದು ಇನ್ನೊಂದು. ಅಂಚೆ ಇಲಾಖೆ 2024ರ ಡಿಸೆಂಬರಿನಲ್ಲಿ ಬುಕ್ ಪೋಸ್ಟ್ ನಿಲ್ಲಿಸಿದಾಗ ನಾವೆಲ್ಲ ಇಲ್ಲೇ ಬೊಬ್ಬೆ ಹೊಡೆದಿದ್ದೆವು. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಅಂತ ಶುರು ಮಾಡಿದ್ದಾರಲ್ಲ, ಪಠ್ಯಪುಸ್ತಕಗಳಿಗೂ ಆಗುತ್ತೆ. ಐದು ಕೆ.ಜಿ.ಗೆ 100 ರೂಪಾಯಿ, ತೆರಿಗೆ ಬೇರೆ. ನಮ್ಮ 70 ಪುಸ್ತಕಕ್ಕೆ ಮೂರು ಕಟ್ಟು ಸಾಕು. ಕೇಳಿದೆ. "ಆ ಪದ್ಧತಿ ನಮ್ಮಲ್ಲಿ ಇಲ್ಲ ಮೇಡಂ, ಯಾವುದಾದ್ರೂ ಗಾಡಿ ಆ ಕಡೆ ಬಂದರೆ ಹಾಕಿ ಕಳಿಸ್ತೀವಿ" ಅಂದರು. ಬಂತು ಗಾಡಿ.

ಇಷ್ಟು ಬರೆದ ಮೇಲೆ ಒಂದು ವಿಷಯ ಮುಚ್ಚಿಟ್ಟರೆ ರಾತ್ರಿ ನಿದ್ದೆ ಬರಲ್ಲ. ನಾಲ್ಕು ವರ್ಷದ ಹಿಂದೆ ಒಂದು ಸೆಮಿಸ್ಟರಿನಲ್ಲಿ ನಮ್ಮ ಕಾಲೇಜಿಗೆ ಪುಸ್ತಕ ಬರಲೇ ಇಲ್ಲ. ಹುಡುಗರು ದಿನಾ ಕೇಳ್ತಿದ್ದರು, "ಮಿಸ್, ಬುಕ್ ಬಂತಾ?" ನಾನು ದಿನಾ "ಯೂನಿವರ್ಸಿಟಿಯವರು ಕಳಿಸಿಲ್ಲ ಕಣ್ರೋ" ಅಂತಿದ್ದೆ. ಜೋರಾಗಿ, ಸಿಟ್ಟಿನಲ್ಲಿ, ಇವತ್ತಿನ ಹಾಗೇ. ಸೆಮಿಸ್ಟರ್ ಮುಗಿದು ಡ್ರಾಯರ್ ಖಾಲಿ ಮಾಡುವಾಗ ಮೌಲ್ಯಮಾಪನದ ಟಿ.ಎ. ಬಿಲ್ಲಿನ ಕೆಳಗೆ ಇಂಡೆಂಟ್ ಪತ್ರ ಸಿಕ್ತು. ಪ್ರಿನ್ಸಿಪಾಲರ ಸಹಿ, ಸೀಲು, ತಾರೀಕು ಎಲ್ಲ ಇತ್ತು. ಕಳಿಸೋದು ಮರೆತಿದ್ದೆ. ಜೊತೆಗೆ ಒಂದು ಕವರಿನಲ್ಲಿ ಹುಡುಗರು ಕೊಟ್ಟ ದುಡ್ಡು, ಹತ್ತು ಇಪ್ಪತ್ತರ ನೋಟುಗಳು, ಯಾರದು ಎಷ್ಟು ಅಂತ ಕ್ಲಾಸ್ ಲೀಡರ್ ಬರೆದ ಚೀಟಿ. ಅವರೆಲ್ಲ ಪರೀಕ್ಷೆ ಬರೆದು ಊರಿಗೆ ಹೋಗಿಯಾಗಿತ್ತು. ಒಬ್ಬೊಬ್ಬರಿಗೇ ಫೋನ್ ಮಾಡಿ ವಾಪಸ್ ಕೊಟ್ಟೆ. "ಪರವಾಗಿಲ್ಲ ಮಿಸ್, ಯೂನಿವರ್ಸಿಟಿಯವರು ಯಾವಾಗ್ಲೂ ಹಂಗೇ" ಅಂತ ಅವರೇ ನನಗೆ ಸಮಾಧಾನ ಹೇಳಿದರು. ನಿಜ ಹೇಳೋಕೆ ಬಾಯಿ ಬರಲಿಲ್ಲ. ಇವತ್ತು ಇಲ್ಲಿ ಹೇಳಿದ್ದೀನಿ. ಆ ಬ್ಯಾಚಿನವರು ಏಳೆಂಟು ಜನ ಈ ಫ್ರೆಂಡ್ ಲಿಸ್ಟಿನಲ್ಲಿದ್ದೀರಿ. ಬೈಯ್ಯೋದಿದ್ದರೆ ಕಾಮೆಂಟಿನಲ್ಲೇ ಬೈಯ್ಯಿರಿ.

ಇಂಡೆಂಟ್ ಕಳಿಸೋದು ಯಾರ ಕೆಲಸ ಅಂತ ಯಾವ ಸುತ್ತೋಲೆಯೂ ನನಗೆ ಹೇಳಿರಲಿಲ್ಲ, ಅದೊಂದು ಕೆಲಸ ಅಂತ ನನಗೂ ಅನ್ನಿಸಿರಲಿಲ್ಲ. ಸೆಮಿನಾರಿನ ಸ್ವಾಗತ ಸಮಿತಿಗೆ ಮೂರು ಮೀಟಿಂಗ್ ಮಾಡ್ತೀವಿ. ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್ ತಂಡ ಬರುತ್ತೆ ಅಂದರೆ ಗೋಡೆಗೆ ಸುಣ್ಣ, ಗೇಟಿಗೆ ಬಣ್ಣ. ಹುಡುಗರ ಕೈಯಲ್ಲಿ ಮೊದಲನೇ ದಿನ ಪುಸ್ತಕ ಇದೆಯಾ ಅಂತ ಒಬ್ಬರೂ ಕೇಳಲ್ಲ. ನಾನೂ ಕೇಳಿರಲಿಲ್ಲ.

ಸಂಜೆ ಮನೆಗೆ ಬಂದವಳೇ ಮುಂದಿನ ಸೆಮಿಸ್ಟರಿನ ಇಂಡೆಂಟ್ ಬರೆಯೋಕೆ ಕೂತೆ. ಡಬ್ಬಿಯ ಚಪಾತಿಯನ್ನೇ ಬಿಸಿ ಮಾಡ್ಕೊಂಡು ತಿಂತಾ ಬರೆದೆ. ತರಗತಿ, ಬಿ.ಕಾಂ. ನಾಲ್ಕನೇ ಸೆಮಿಸ್ಟರ್. ಪ್ರತಿಗಳ ಸಂಖ್ಯೆ, 70. ಬೇಕಾದ ದಿನಾಂಕ, ತರಗತಿ ಶುರುವಾಗೋ ದಿನ, ಕೆಳಗೆ ಎರಡು ಗೆರೆ ಎಳೆದಿದ್ದೀನಿ. ಪುಸ್ತಕದ ಹೆಸರು ಅನ್ನೋ ಕಾಲಂ ಒಂದು ಉಳೀತು. ಅಧ್ಯಯನ ಮಂಡಳಿಯಲ್ಲಿರೋ ಗೆಳತಿಗೆ ಫೋನ್ ಮಾಡಿದೆ. "ಹೆಸರು ಇನ್ನೂ ಇಟ್ಟಿಲ್ಲ ಕಣೇ, ಮುಂದಿನ ಮೀಟಿಂಗಲ್ಲಿ ಇಡ್ತೀವಿ" ಅಂದಳು.