ಆಡುವವರ ಕೈಗೆ ಸಿಗಬೇಕಾದ ಹಳೆಯ ಆಟಗಳು

ಹಳೆಯ ವಿಡಿಯೋ ಗೇಮ್‌ಗಳ ಮೇಳವೊಂದು ಚೆನ್ನಾಗಿ ನಡೆಯಿತೇ ಇಲ್ಲವೇ ಎಂಬುದನ್ನು ಅಲ್ಲಿ ಎಷ್ಟು ವ್ಯಾಪಾರವಾಯಿತು, ಎಷ್ಟು ಜನ ಟಿಕೆಟ್ ಕೊಂಡರು ಎಂಬ ಲೆಕ್ಕದಿಂದ ತೀರ್ಮಾನಿಸಬಾರದು. ಕೊನೆಯ ದಿನ ಬಾಗಿಲು ಮುಚ್ಚುವ ಹೊತ್ತಿಗೆ ಎಷ್ಟು ಯಂತ್ರಗಳು ಇನ್ನೂ ಆಡುವ ಸ್ಥಿತಿಯಲ್ಲಿವೆ ಎಂಬುದರಿಂದ ತೀರ್ಮಾನಿಸಬೇಕು. ಪೋರ್ಟ್‌ಲ್ಯಾಂಡ್ ರೆಟ್ರೋ ಗೇಮಿಂಗ್ ಎಕ್ಸ್‌ಪೋಗೆ ಮೊದಲು ಬರೀ ಆಡುವುದಕ್ಕೆಂದು, ಆಮೇಲೆ ಸ್ವಯಂಸೇವಕನಾಗಿ ಹೋಗುತ್ತ ಬಂದಿರುವ ನನಗೆ ಈ ಅಭಿಪ್ರಾಯ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತಿದೆ. ಈ ಬಗೆಯ ಮೇಳದ ಒಳಗೆ ನಿಜವಾಗಿ ಏನು ನಡೆಯುತ್ತದೆ, ಅದರಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದು ಎಂದು ಕಾಣುವುದು ಯಾವುದು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕು ಅನಿಸಿತು.

ಅಮೆರಿಕದ ವಾಯವ್ಯ ಮೂಲೆಯ ಒರೆಗಾನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ನಗರದ ಒರೆಗಾನ್ ಕನ್ವೆನ್ಷನ್ ಸೆಂಟರ್‌ನಲ್ಲಿ, ಸಾಮಾನ್ಯವಾಗಿ ಅಕ್ಟೋಬರ್ ತಿಂಗಳಲ್ಲಿ ಈ ಮೇಳ ನಡೆಯುತ್ತದೆ. ಇಲ್ಲಿಂದ ಪಶ್ಚಿಮಕ್ಕಿರುವ ಹಿಲ್ಸ್‌ಬರೋದಲ್ಲಿ ಚಿಪ್ ತಯಾರಿಕೆಯ ಕೆಲಸಕ್ಕೆಂದು ಬಂದು ನೆಲೆಸಿದ ಕನ್ನಡದ ಮನೆಗಳು ಸಾಕಷ್ಟಿವೆ. ಅಲ್ಲಿಂದ ಮ್ಯಾಕ್ಸ್ ರೈಲಿನ ನೀಲಿ ಮಾರ್ಗದಲ್ಲಿ ಕುಳಿತರೆ ಆ ಕಟ್ಟಡದ ಬಾಗಿಲಿಗೇ ಬಂದು ಇಳಿಯಬಹುದು. ಒಳಗೆ ಮಾರಾಟದ ಮಳಿಗೆಗಳು, ಉಪನ್ಯಾಸಗಳು, ಸ್ಪರ್ಧೆಗಳು, ಹರಾಜು ಎಲ್ಲವೂ ಇರುತ್ತವೆ. ಆದರೆ ಮೇಳದ ಜೀವ ಇರುವುದು ಆರ್ಕೇಡ್ (ಎದುರು ನಿಂತು ಆಡುವ, ಪರದೆಯುಳ್ಳ ದೊಡ್ಡ ಪೆಟ್ಟಿಗೆ) ಮತ್ತು ಪಿನ್‌ಬಾಲ್ (ಇಳಿಜಾರು ಹಲಗೆಯ ಮೇಲೆ ಲೋಹದ ಗುಂಡನ್ನು ಹೊಡೆದು ಆಡುವ) ಯಂತ್ರಗಳ ಸಾಲಿನಲ್ಲಿ. ಒಮ್ಮೆ ಪ್ರವೇಶ ಶುಲ್ಕ ಕೊಟ್ಟರಾಯಿತು, ಆಮೇಲೆ ಯಾವ ಯಂತ್ರಕ್ಕೂ ನಾಣ್ಯ ಹಾಕಬೇಕಿಲ್ಲ. ಎಷ್ಟು ಹೊತ್ತು ಬೇಕಾದರೂ ಆಡಬಹುದು, ಹಿಂದೆ ಕಾಯುವವರಿಗೆ ಜಾಗ ಬಿಟ್ಟುಕೊಡುವುದೊಂದೇ ನಿಯಮ.

ಈ ಸಾಲು ತಾನಾಗಿ ನಿಲ್ಲುವುದಿಲ್ಲ ಎಂಬುದು ಶನಿವಾರ ಬೆಳಿಗ್ಗೆ ಬಂದು ಆಡುವವರ ಕಣ್ಣಿಗೆ ಬೀಳುವುದಿಲ್ಲ. ಯಂತ್ರಗಳು ಹೆಚ್ಚಾಗಿ ಖಾಸಗಿ ಸಂಗ್ರಾಹಕರವು. ತಮ್ಮ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಜೋಪಾನ ಮಾಡಿದ ಯಂತ್ರವನ್ನು ಅವರು ಲಾರಿಗೆ ಹಾಕಿ ತಂದು, ಸಾವಿರಾರು ಅಪರಿಚಿತ ಕೈಗಳಿಗೆ ಒಪ್ಪಿಸುತ್ತಾರೆ. ಒಂದು ಪಿನ್‌ಬಾಲ್ ಯಂತ್ರ ನೂರು ಕಿಲೋಗಿಂತ ಹೆಚ್ಚು ತೂಗುತ್ತದೆ; ಸಾಗಿಸುವ ಮೊದಲು ಅದರ ಲೋಹದ ಗುಂಡುಗಳನ್ನು ಹೊರತೆಗೆದು, ಅಂಕ ತೋರಿಸುವ ತಲೆಭಾಗವನ್ನು ಮಡಚಿ, ಕಾಲುಗಳನ್ನು ಬಿಚ್ಚಬೇಕು; ಇಳಿಸಿದ ಮೇಲೆ ಎಲ್ಲವನ್ನೂ ತಿರುಗಿ ಜೋಡಿಸಿ, ಮಟ್ಟಗೋಲು ಇಟ್ಟು ಇಳಿಜಾರನ್ನು ಸರಿಮಾಡಬೇಕು. ಆರ್ಕೇಡ್ ಪೆಟ್ಟಿಗೆಗಳ ಕಷ್ಟ ಬೇರೆ ಬಗೆಯದು. ಸಾಕೆಟ್‌ನಲ್ಲಿ ಕೂರಿಸಿರುವ ಹಳೆಯ ಚಿಪ್‌ಗಳು ರಸ್ತೆಯ ಕುಲುಕಾಟಕ್ಕೆ ಒಂದಿಷ್ಟೇ ಮೇಲೆದ್ದಿದ್ದರೂ ಪರದೆಯ ಮೇಲೆ ಅರ್ಥವಿಲ್ಲದ ಗೀಚುಗಳು ಮೂಡುತ್ತವೆ. ಬಹಳ ಸಲ ಅದಕ್ಕೆ ಮದ್ದೆಂದರೆ ವಿದ್ಯುತ್ ತೆಗೆದು, ಒಂದೊಂದೇ ಚಿಪ್ಪನ್ನು ಹೆಬ್ಬೆರಳಿನಿಂದ ಸಮನಾಗಿ ಒತ್ತಿ ಕೂರಿಸುವುದು.

ವಿದ್ಯುತ್ತಿನ ಲೆಕ್ಕವನ್ನು ನಾನು ಇಲ್ಲಿಯೇ ಕಲಿತದ್ದು. ಅಮೆರಿಕದ 120 ವೋಲ್ಟ್, 20 ಆಂಪಿಯರ್‌ನ ಒಂದು ಸರ್ಕೀಟು 2400 ವಾಟ್ ಕೊಡಬಲ್ಲದಾದರೂ ಗಂಟೆಗಟ್ಟಲೆ ಉರಿಯುವ ಹೊರೆಗೆ ಅದರ ಶೇ. 80ರಷ್ಟನ್ನು, ಎಂದರೆ 1920 ವಾಟ್‌ಗಳನ್ನು ಮಾತ್ರ ನೆಚ್ಚಿಕೊಳ್ಳಬೇಕು. ಒಂದು ಯಂತ್ರಕ್ಕೆ ಸುಮಾರು ಇನ್ನೂರು ವಾಟ್ ಎಂದು ಹಿಡಿದರೆ ಒಂದು ಸರ್ಕೀಟಿಗೆ ಎಂಟೊಂಬತ್ತು ಯಂತ್ರಗಳಿಗಿಂತ ಹೆಚ್ಚು ಕೂರುವುದಿಲ್ಲ. ಅದರ ಮೇಲೆ, ಪಿಕ್ಚರ್ ಟ್ಯೂಬ್ ಇರುವ ಯಂತ್ರಗಳು ಹೊತ್ತಿಕೊಳ್ಳುವ ಕ್ಷಣದಲ್ಲಿ ಮಾಮೂಲಿಗಿಂತ ಬಹಳ ಹೆಚ್ಚು ವಿದ್ಯುತ್ ಎಳೆಯುವುದರಿಂದ, ಬೆಳಿಗ್ಗೆ ಇಡೀ ಸಾಲನ್ನು ಒಮ್ಮೆಗೇ ಹಚ್ಚಿದರೆ ಬ್ರೇಕರ್ ಬೀಳುವುದು ಖಂಡಿತ. ಆದ್ದರಿಂದ ಒಬ್ಬರು ಸ್ವಿಚ್ ಹಾಕುತ್ತ ಮುಂದೆ ಹೋಗುತ್ತಾರೆ, ಇನ್ನೊಬ್ಬರು ಹಿಂದಿನಿಂದ ಪ್ರತಿ ಪರದೆಯಲ್ಲೂ ಚಿತ್ರ ಬಂದಿತೇ ಎಂದು ನೋಡುತ್ತ ಬರುತ್ತಾರೆ. ಮೇಳದ ಅತ್ಯಂತ ಸುಂದರವಾದ ಹೊತ್ತು ಇದು ಎಂದು ನಾನು ನಂಬಿದ್ದೇನೆ.

ಬಾಗಿಲು ತೆರೆದ ಮೇಲೆ ದುರಸ್ತಿಯ ಕೆಲಸ ಶುರುವಾಗುತ್ತದೆ, ಅದು ಮುಗಿಯುವುದೇ ಇಲ್ಲ. ಪಿನ್‌ಬಾಲ್‌ನ ರಬ್ಬರ್ ಉಂಗುರ ಹರಿಯುತ್ತದೆ, ಗುಂಡನ್ನು ಹೊಡೆಯುವ ಫ್ಲಿಪ್ಪರ್ ಸೋಲುತ್ತದೆ, ಗುಂಡಿಯ ಒಳಗಿನ ತಗಡಿನ ಸ್ವಿಚ್ ಬಾಗಿ ಸಂಪರ್ಕ ತಪ್ಪುತ್ತದೆ. ಟಿವಿಗೆ ಜೋಡಿಸಿ ಆಡುವ ಕನ್ಸೋಲ್‌ಗಳ ಮೇಜಿನಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಕಾರ್ಟ್ರಿಡ್ಜ್‌ನ (ಆಟದ ಕ್ಯಾಸೆಟ್ಟಿನ) ಅಂಚುಗಳನ್ನು ಉಜ್ಜುವುದು ದಿನವಿಡೀ ನಡೆಯುತ್ತದೆ. ನಾವೆಲ್ಲ ಚಿಕ್ಕವರಿದ್ದಾಗ ಬಾಯಿಂದ ಊದಿ ಸರಿಮಾಡುತ್ತಿದ್ದೆವಲ್ಲ, ಆ ಎಂಜಲಿನ ತೇವದಿಂದ ತಾಮ್ರದ ಸಂಪರ್ಕಗಳು ಕ್ರಮೇಣ ಹಾಳಾಗುತ್ತವೆ. ಊದಿದಾಗ ಆಟ ಬರುತ್ತಿದ್ದದ್ದು ಹೆಚ್ಚಾಗಿ ಕಾರ್ಟ್ರಿಡ್ಜನ್ನು ತೆಗೆದು ಮತ್ತೆ ಹಾಕಿದ್ದರಿಂದ. ಈ ಎಲ್ಲ ಬಿಡಿಭಾಗಗಳು ಇವತ್ತಿಗೂ ಸಿಗುತ್ತವೆ. ಬದಲಿ ಸುಲಭವಾಗಿ ಸಿಗದ ವಸ್ತುವೆಂದರೆ ಪಿಕ್ಚರ್ ಟ್ಯೂಬ್. ದೊಡ್ಡ ತಯಾರಕರೆಲ್ಲ ಅದನ್ನು ಮಾಡುವುದನ್ನು ನಿಲ್ಲಿಸಿ ವರ್ಷಗಳೇ ಕಳೆದಿವೆ. ಈಗ ಇರುವವು ಒಡೆಯುವವರೆಗೆ, ಮಂಕಾಗುವವರೆಗೆ. ಸ್ವಿಚ್ ತೆಗೆದ ಮೇಲೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದಾದ ಆ ಗಾಜಿನ ಬುರುಡೆಯನ್ನು ಹೇಗೆ ನಿರಪಾಯಗೊಳಿಸಿ ಮುಟ್ಟಬೇಕು ಎಂದು ತಿಳಿದಿರುವವರೂ ಕಡಿಮೆಯಾಗುತ್ತಿದ್ದಾರೆ. ಮೇಳದ ದುರಸ್ತಿ ಮೇಜಿನ ಬಳಿ ಹಿರಿಯರೊಬ್ಬರು ಬೆಸುಗೆ ಹಾಕುವಾಗ ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿಯುವ ಇಪ್ಪತ್ತರ ಹುಡುಗಿಗೆ ಸಿಗುವ ಪಾಠ ಯಾವ ವಿಡಿಯೋ ನೋಡಿದರೂ ಸಿಗಲಾರದು.

ಹೊಸ ಟಿವಿಯಲ್ಲಿ ಅದೇ ಆಟ ಆಡಿದರೆ ಸಾಲದೇ ಎಂದು ಗೆಳೆಯರು ಕೇಳುತ್ತಾರೆ. ಸಾಲದು ಎನ್ನುವುದಕ್ಕೆ ಅತ್ಯುತ್ತಮ ಸಾಕ್ಷಿ, ಪರದೆಯ ಮೇಲಿನ ಬಾತುಕೋಳಿಗಳಿಗೆ ಗುರಿಯಿಟ್ಟು ಆಡುವ, ನಿಂಟೆಂಡೊ ಕಂಪನಿಯ ಕನ್ಸೋಲಿನ ಬಂದೂಕು. ಟ್ರಿಗರ್ ಒತ್ತಿದ ಕೂಡಲೇ ಪರದೆ ಒಂದು ಗಳಿಗೆ ಪೂರ್ತಿ ಕಪ್ಪಾಗಿ, ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿಯ ಚೌಕ ಮೂಡುತ್ತದೆ. ಬಂದೂಕಿನ ನಳಿಕೆಯಲ್ಲಿರುವ ಬೆಳಕಿನ ಸಂವೇದಕ ಆ ಕತ್ತಲೆಯನ್ನೂ ಅದರ ಬೆನ್ನಿಗೆ ಬಂದ ಬೆಳಕನ್ನೂ ಕಂಡರೆ ಗುರಿ ತಾಗಿತು ಎಂದರ್ಥ. ಇದೆಲ್ಲವೂ ಸೆಕೆಂಡಿನ ಅರವತ್ತನೆಯ ಒಂದು ಭಾಗದ ಲೆಕ್ಕದಲ್ಲಿ ನಡೆಯುವುದರಿಂದ, ಚಿತ್ರವನ್ನು ಸಂಸ್ಕರಿಸಿ ತುಸು ತಡವಾಗಿ ತೋರಿಸುವ ಚಪ್ಪಟೆ ಟಿವಿಯ ಎದುರು ಆ ಬಂದೂಕು ಕುರುಡಾಗುತ್ತದೆ. ಒಂದು ವರ್ಷ ನಾನು ಆ ಟಿವಿಯ ಪಕ್ಕದಲ್ಲಿ ಕಾವಲಿದ್ದಾಗ ಹಿಂದಿನಿಂದ ಕನ್ನಡ ಕೇಳಿಸಿತು: "ರೀ, ಇದು ನಮ್ಮ ಚಿಕ್ಕಪ್ಪನ ಮನೇಲಿದ್ದ ಬಾತುಕೋಳಿ ಗೇಮ್ ಅಲ್ವಾ?" ದಾವಣಗೆರೆಯ ಆ ಹೆಣ್ಣುಮಗಳು ಬಂದೂಕು ಎತ್ತಿಕೊಂಡು, ಸಾಲಾಗಿ ಆರು ಸುತ್ತು ಆಡಿ, ತಮ್ಮ ಮಗನಿಗೆ ಹೇಗೆ ನಿಲ್ಲಬೇಕೆಂದು ತೋರಿಸಿಕೊಟ್ಟರು. ಅದನ್ನು ಸಾಧ್ಯವಾಗಿಸಿದ್ದು ಯಾರೋ ಹೊತ್ತು ತಂದ ಹಳೆಯ, ಭಾರದ ಟಿವಿ.

ಆಡುತ್ತಿದ್ದರೆ ಆಟ ಬೆಳೆಯುತ್ತದೆ ಎಂಬುದಕ್ಕೂ ಇದೇ ಮೇಳದಲ್ಲಿ ಸಾಕ್ಷಿ ಸಿಕ್ಕಿದೆ. ಮೇಲಿನಿಂದ ಬೀಳುವ ತುಂಡುಗಳನ್ನು ಜೋಡಿಸಿ ಸಾಲು ತುಂಬಿಸುವ ಆಟವಾದ 1989ರ ನಿಂಟೆಂಡೊ ಟೆಟ್ರಿಸ್‌ನ ವಿಶ್ವ ಚಾಂಪಿಯನ್‌ಶಿಪ್ 2012ರಿಂದ ಹಲವು ವರ್ಷ ಇಲ್ಲಿಯೇ, ಹಳೆಯ ಕನ್ಸೋಲ್ ಮತ್ತು ಪಿಕ್ಚರ್ ಟ್ಯೂಬ್ ಟಿವಿಗಳ ಮೇಲೆ ನಡೆಯಿತು. 2018ರ ಫೈನಲ್‌ನಲ್ಲಿ ಏಳು ಬಾರಿಯ ಚಾಂಪಿಯನ್ ಜೋನಸ್ ನ್ಯೂಬೌವರ್ ಅವರನ್ನು 16 ವರ್ಷದ ಜೋಸೆಫ್ ಸೇಲಿ ಸೋಲಿಸಿದ. ಈ ಆಟದಲ್ಲಿ ಗುಂಡಿಯನ್ನು ಒತ್ತಿ ಹಿಡಿದರೆ ತುಂಡು ಸೆಕೆಂಡಿಗೆ ಹತ್ತು ಮನೆಗಳ ವೇಗದಲ್ಲಿ ಸರಿಯುತ್ತದೆ. ಅದಕ್ಕೂ ಮೊದಲು ಒಂದು ಸಣ್ಣ ವಿರಾಮವಿದೆ. ಸೇಲಿ ಗುಂಡಿಯನ್ನು ಹಿಡಿಯುವ ಬದಲು ಅದಕ್ಕಿಂತ ವೇಗವಾಗಿ ತಟ್ಟುತ್ತಿದ್ದ. 29ನೆಯ ಹಂತದಲ್ಲಿ ತುಂಡುಗಳು ಇಪ್ಪತ್ತು ಸಾಲುಗಳ ಬಾವಿಯನ್ನು ಸೆಕೆಂಡಿನ ಮೂರನೆಯ ಒಂದು ಭಾಗದಲ್ಲಿ ಬಿದ್ದು ಮುಗಿಸುತ್ತವೆ, ಆದ್ದರಿಂದ ಆಟ ಅಲ್ಲಿಗೆ ಮುಗಿಯಿತು ಎಂದೇ ಬಹುಕಾಲ ನಂಬಲಾಗಿತ್ತು. 2023ರ ಡಿಸೆಂಬರ್‌ನಲ್ಲಿ ಒಕ್ಲಹೋಮಾದ 13 ವರ್ಷದ ಹುಡುಗನೊಬ್ಬ 157ನೆಯ ಹಂತ ಮುಟ್ಟಿ, ಆಟದ ಪ್ರೋಗ್ರಾಮೇ ಸ್ತಬ್ಧವಾಗುವವರೆಗೆ ಆಡಿದ. ಆಟ ಬಿಡುಗಡೆಯಾಗಿ 34 ವರ್ಷಗಳ ಮೇಲೆ ಅದರಲ್ಲಿ ಹೊಸದು ಕಂಡಿತು, ಏಕೆಂದರೆ ಜನ ಅದನ್ನು ಆಡುವುದನ್ನು ಬಿಡಲಿಲ್ಲ. ನ್ಯೂಬೌವರ್ 2021ರ ಜನವರಿಯಲ್ಲಿ, 39ನೆಯ ವಯಸ್ಸಿಗೇ ತೀರಿಕೊಂಡರು. ಸೋತ ಮೇಲೆ ಆ ಹುಡುಗನನ್ನು ಅವರು ಮನಸಾರೆ ಅಭಿನಂದಿಸಿದ ರೀತಿಯನ್ನು ಟೆಟ್ರಿಸ್ ಆಡುವವರು ಇಂದಿಗೂ ನೆನೆಯುತ್ತಾರೆ.

ಈಗ ನನ್ನ ವಾದದ ತಿರುಳಿಗೆ ಬರುತ್ತೇನೆ. ಹಳೆಯ ಆಟಗಳ ಇತಿಹಾಸವನ್ನು ಉಳಿಸುವ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಎಂಬ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಮೆರಿಕದಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇ. 87ರಷ್ಟು ಇವತ್ತು ಯಾವ ಅಂಗಡಿಯಲ್ಲೂ ಹೊಸದಾಗಿ ಕೊಳ್ಳಲು ಸಿಗುವುದಿಲ್ಲ. ಗ್ರಂಥಾಲಯಗಳು ತಮ್ಮಲ್ಲಿರುವ ಅಂಥ ಆಟಗಳನ್ನು ಸಂಶೋಧಕರಿಗೆ ದೂರದಿಂದಲೇ ಆಡಲು ಕೊಡಬಹುದು ಎಂಬ ವಿನಾಯಿತಿಯನ್ನು ಕೃತಿಸ್ವಾಮ್ಯ ಕಾನೂನಿನಲ್ಲಿ ಕೇಳಲಾಗಿತ್ತು. ಗೇಮ್ ಉದ್ಯಮದ ಸಂಘಟನೆ ಅದನ್ನು ವಿರೋಧಿಸಿತು, 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಕೃತಿಸ್ವಾಮ್ಯ ಕಚೇರಿ ಕೋರಿಕೆಯನ್ನು ತಿರಸ್ಕರಿಸಿತು. ಇದು ತಪ್ಪು ನಿರ್ಧಾರ ಎಂದೇ ನಾನು ಭಾವಿಸುತ್ತೇನೆ. ಹೀಗಿರುವಾಗ ಸಾಮಾನ್ಯರು ಮೂಲ ಯಂತ್ರದ ಎದುರು ನಿಂತು ಮೂಲ ಆಟವನ್ನು ಆಡಬಹುದಾದ ಕೆಲವೇ ಜಾಗಗಳಲ್ಲಿ ಇಂಥ ಮೇಳಗಳೂ ಸೇರುತ್ತವೆ. ಆಟದ ಫೈಲ್ ಕಂಪ್ಯೂಟರಿನಲ್ಲಿ ಭದ್ರವಾಗಿರುವುದು ಅಗತ್ಯವೇ ಹೌದು, ಆದರೆ ಪ್ರಸಂಗದ ಪುಸ್ತಕ ಕೈಯಲ್ಲಿದ್ದ ಮಾತ್ರಕ್ಕೆ ಯಕ್ಷಗಾನ ಕಂಡಂತಾಗುವುದಿಲ್ಲ. ಜಾಯ್‌ಸ್ಟಿಕ್‌ನ ಬಿಗಿ, ಟ್ಯೂಬಿನ ಹೊಳಪು, ಪಕ್ಕದಲ್ಲಿ ನಿಂತ ಅಪರಿಚಿತ ಎರಡನೆಯ ಆಟಗಾರನಾಗಿ ಸೇರಿಕೊಳ್ಳುವುದು, ಇವೆಲ್ಲ ಸೇರಿಯೇ ಅದು ಆಟ.

ಇದಕ್ಕೆ ನೇರ ವಿರುದ್ಧವಾದ ದಿಕ್ಕಿನಲ್ಲಿ ಇನ್ನೊಂದು ಒಲವು ಬೆಳೆದಿದೆ. ಪೊಟ್ಟಣ ಬಿಚ್ಚದ ಕಾರ್ಟ್ರಿಡ್ಜನ್ನು ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಮುದ್ರೆಯೊತ್ತಿ ಇಟ್ಟು, ಅದು ಎಷ್ಟು ಸುಸ್ಥಿತಿಯಲ್ಲಿದೆ ಎಂಬುದಕ್ಕೆ ಅಂಕ ಕೊಡಿಸಿ, ಷೇರಿನಂತೆ ಕೊಂಡು ಮಾರುವುದು. 2021ರ ಜುಲೈನಲ್ಲಿ ಸೂಪರ್ ಮಾರಿಯೋ 64ರ ಅಂಥದೊಂದು ಪ್ರತಿ ಹರಾಜಿನಲ್ಲಿ 15.6 ಲಕ್ಷ ಡಾಲರ್‌ಗೆ ಹೋಯಿತು. ಅದಾದ ಸ್ವಲ್ಪ ದಿನಕ್ಕೆ ಮೊದಲ ಸೂಪರ್ ಮಾರಿಯೋ ಬ್ರದರ್ಸ್‌ನ ಒಂದು ಪ್ರತಿ 20 ಲಕ್ಷ ಡಾಲರ್ ತಂದಿತು. ಲಕ್ಷಗಟ್ಟಲೆ ಅಚ್ಚಾದ ಆಟಗಳು ಇವು, ಅಪರೂಪದವಲ್ಲ. ಮಾರುವವರನ್ನು ನಾನು ದೂರುತ್ತಿಲ್ಲ: ಮಳಿಗೆಗಳ ಬಾಡಿಗೆಯಿಲ್ಲದೆ ಇಷ್ಟು ದೊಡ್ಡ ಸಭಾಂಗಣ ಹಿಡಿಯುವುದು ಆಗದ ಮಾತು, ಮಾರಾಟ ತೆರಿಗೆಯೇ ಇಲ್ಲದ ಒರೆಗಾನ್‌ಗೆ ದೂರದಿಂದ ಕೊಳ್ಳುವವರು ಬರುವುದೂ ಸಹಜ, ಹತ್ತು ಡಾಲರಿನ ಪೆಟ್ಟಿಗೆಯಲ್ಲಿ ಹುಡುಕಿ ತಮಗೆ ಬೇಕಾದ ಆಟ ಕಂಡವರ ಸಂತೋಷ ನಿಜವಾದದ್ದು. ಆದರೆ ಸಭಾಂಗಣದ ನೆಲವನ್ನು ಹಂಚುವಾಗ ಮಾರಾಟಕ್ಕೂ ಆಟಕ್ಕೂ ಪೈಪೋಟಿ ಬಂದರೆ, ಯಾವ ಊರಿನ ಯಾವ ಮೇಳವೇ ಆಗಲಿ, ಆಟದ ಪರ ನಿಲ್ಲಬೇಕು. ಯಾರೂ ಎಂದೂ ಆಡಲಾರದ ಹಾಗೆ ಮುದ್ರೆ ಹಾಕಿಟ್ಟ ಆಟವನ್ನು ಉಳಿಸಿದ ಆಟವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ತೊಂಬತ್ತರ ದಶಕದಲ್ಲಿ ಕರ್ನಾಟಕದ ಮನೆಗಳಿಗೆ ಬಂದದ್ದು ಹೆಚ್ಚಾಗಿ ತೈವಾನ್, ಚೀನಾಗಳಲ್ಲಿ ತಯಾರಾದ ನಕಲು ಯಂತ್ರಗಳು. ಮೈಕ್ರೋ ಜೀನಿಯಸ್, ಲಿಟಲ್ ಮಾಸ್ಟರ್ ಎಂಬ ಹೆಸರುಗಳು ಇದನ್ನು ಓದುವ ಅನೇಕರಿಗೆ ನೆನಪಿರಬಹುದು. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಿಂದ ತಂದ, 'ಇಷ್ಟು ಸಾವಿರ ಆಟಗಳು ಒಂದರಲ್ಲಿ' ಎಂದು ಬರೆದ ಹಳದಿ ಕ್ಯಾಸೆಟ್ಟಿನಲ್ಲಿ ಕಾಂಟ್ರಾ, ಟ್ಯಾಂಕ್, ರೋಡ್ ಫೈಟರ್, ಸರ್ಕಸ್ ಆಡಿ ಬೆಳೆದವರು ನಾವು. ಆ ಕ್ಯಾಸೆಟ್ಟುಗಳು ಜಪಾನಿನ ಅಳತೆಯವು, 60 ಪಿನ್ನಿನವು. ಅಮೆರಿಕದ ನಿಂಟೆಂಡೊ 72 ಪಿನ್ನಿನದು, ಅಡಾಪ್ಟರ್ ಇಲ್ಲದೆ ಅವು ಇಲ್ಲಿ ಕೂರುವುದೇ ಇಲ್ಲ. ಭಾರತದ ಟಿವಿಗಳು ಬಳಸುತ್ತಿದ್ದ ಪಾಲ್ (PAL) ಎಂಬ ಪದ್ಧತಿಯ ಚಿತ್ರಸಂಕೇತವನ್ನು ಇಲ್ಲಿನ ಹಳೆಯ ಟಿವಿಗಳು ಸರಿಯಾಗಿ ಹಿಡಿಯುವುದೂ ಇಲ್ಲ. ಹಾಗಾಗಿ ಇಲ್ಲಿನ ಪ್ರದರ್ಶನ ಮೇಜುಗಳ ಮೇಲೆ ನಮ್ಮ ಬಾಲ್ಯ ಸುಲಭವಾಗಿ ಕಾಣಿಸುವುದಿಲ್ಲ. ಪರವಾನಗಿಯಿಲ್ಲದ ನಕಲು ಎಂಬ ಕಾರಣಕ್ಕೆ ಅದನ್ನು ಇತಿಹಾಸದಿಂದ ಹೊರಗಿಡುವುದು ನ್ಯಾಯವಲ್ಲ. ಭಾರತದಲ್ಲಿ, ರಷ್ಯಾದಲ್ಲಿ, ಬ್ರೆಜಿಲ್‌ನಲ್ಲಿ ಕೋಟ್ಯಂತರ ಮಕ್ಕಳು ವಿಡಿಯೋ ಗೇಮ್ ಎಂದರೇನೆಂದು ತಿಳಿದದ್ದು ಇಂಥ ಯಂತ್ರಗಳಿಂದಲೇ.

ಆದ್ದರಿಂದ ಊರಿನ ಮನೆಯ ಅಟ್ಟದ ಮೇಲೆ ಅಂಥ ಪೆಟ್ಟಿಗೆ ಇನ್ನೂ ಇದ್ದರೆ ದಯವಿಟ್ಟು ಗುಜರಿಗೆ ಹಾಕಿಸಬೇಡಿ. ಅಪ್ಪ ಅಮ್ಮನಿಗೆ ಫೋನ್ ಮಾಡಿ, ಹುಡುಕಿಸಿ, ಹೊರಗಿನ ಡಬ್ಬದ ಫೋಟೋ ತೆಗೆಸಿಡಿ. ಎಲ್ಲಿ, ಯಾವ ವರ್ಷ, ಎಷ್ಟಕ್ಕೆ ಕೊಂಡದ್ದೆಂದು ಅವರಿಗೆ ನೆನಪಿದ್ದರೆ ಬರೆದಿಡಿ. ಪಾಲ್ ಮತ್ತು ಅಮೆರಿಕದ ಪದ್ಧತಿ ಎರಡನ್ನೂ ಹಿಡಿಯುವ ಟಿವಿಯೊಂದನ್ನು ನಾನು ಜೋಡಿಸಿಕೊಂಡಿದ್ದೇನೆ, ಮುಂದಿನ ಮೇಳದಲ್ಲಿ ನಮ್ಮ ಯಂತ್ರಗಳಿಗೆ ಒಂದು ಮೇಜು ಕೇಳುವ ಆಸೆಯಿದೆ. ನಿಮ್ಮ ಪೆಟ್ಟಿಗೆ ಕೆಲಸ ಮಾಡದಿದ್ದರೂ ಪರವಾಗಿಲ್ಲ, ರಿಪೇರಿ ನಾವು ನೋಡಿಕೊಳ್ಳುತ್ತೇವೆ. ಪೋರ್ಟ್‌ಲ್ಯಾಂಡ್ ಸುತ್ತಮುತ್ತ ಇರುವವರು ಸ್ವಯಂಸೇವಕರಾಗಿ ಹೆಸರು ಕೊಡುವಾಗ ಮೇಳಕ್ಕೆ ಮೊದಲಿನ ಸಂಜೆಯ ಜೋಡಣೆಯ ಪಾಳಿಯನ್ನೇ ಕೇಳಿ ತೆಗೆದುಕೊಳ್ಳಿ. ಗಟ್ಟಿ ಬೂಟು ಹಾಕಿಕೊಂಡು, ಕೈಗವಸು ತಂದರೆ ಸಾಕು, ಉಳಿದದ್ದನ್ನು ಅಲ್ಲಿಯೇ ಕಲಿಸುತ್ತಾರೆ.